ಮುಂದಿನ ಭಾನುವಾರ ಯಾರು ಬರ್ತೀರಿ?

ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪು ಮಾಡಲು ಎರಡು ನಿಮಿಷ ಸಾಕು. ‘ನಮ್ಮೂರ ಕೆರೆ ಉಳಿಸೋಣ’ ಎಂದು ಮೆಸೇಜ್ ಹಾಕಿದರೆ ಹೆಬ್ಬೆರಳುಗಳ ಸಾಲೇ ಬರುತ್ತದೆ. ಆದರೆ ಭಾನುವಾರ ಬೆಳಿಗ್ಗೆ ಏಳಕ್ಕೆ ಕತ್ತಿ, ಗುದ್ದಲಿ ಹಿಡಿದು ಕೆರೆ ಏರಿಯ ಮೇಲೆ ಬಂದು ನಿಲ್ಲುವವರು ಎಷ್ಟು ಮಂದಿ? ಊರ ಕೆಲಸಕ್ಕೆ ಕೈ ಹಾಕಿದ ಯಾರನ್ನೇ ಕೇಳಿ, ಕಥೆ ಒಂದೇ. ಮೊದಲ ವಾರ ಜಾತ್ರೆ, ಎರಡನೇ ವಾರ ಅರ್ಧ, ನಾಲ್ಕನೇ ವಾರ ಅದೇ ನಾಲ್ಕೈದು ಮುಖಗಳು.

ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನಾವು ಕೆಲವು ಗೆಳೆಯರು ಎರಡು ವರ್ಷಗಳಿಂದ ಊರ ಸಣ್ಣಪುಟ್ಟ ಕೆರೆಗಳ ಕೆಲಸ ಮಾಡುತ್ತಿದ್ದೇವೆ. ಏರಿಯ ಮೇಲಿನ ಪೊದೆ ಕಡಿಯುವುದು, ಕೋಡಿಗೆ ಅಡ್ಡ ಬಿದ್ದ ಕಸ ತೆಗೆಯುವುದು, ಪ್ಲಾಸ್ಟಿಕ್ ಎತ್ತುವುದು, ಇಷ್ಟೇ. ನಮ್ಮ ತಂಡಕ್ಕೆ ಹೆಸರಿಲ್ಲ, ಟೀ ಶರ್ಟ್ ಇಲ್ಲ. ಒಮ್ಮೆ ಅಲ್ಲೇ ಪಕ್ಕದ ಗದ್ದೆಯ ಅಜ್ಜರೊಬ್ಬರು ಕೇಳಿದ್ದರು, ‘ನೀವು ಓದೋ ಹುಡುಗ್ರು ತಮ್ಮಾ, ನಾಲ್ಕು ದಿನ ಬರ್ತೀರಿ. ಆಮೇಲೆ ಯಾರು?’ ಸ್ವಯಂಸೇವಾ ತಂಡಗಳ ಕಷ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಈ ಪ್ರಶ್ನೆಗೆ ಉತ್ತರ ನಮ್ಮ ಹಿರಿಯರಿಗೆ ಗೊತ್ತಿತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿದ್ದೀರಾ? ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲಿನ ಕಂಬದ ಮೇಲೆ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ಕದಂಬರ ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಮುಂದಿನ ಶತಮಾನಗಳ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಮಾತುಗಳು ನಾಡಿನ ಉದ್ದಗಲಕ್ಕೂ ಸಿಗುತ್ತವೆ. ಕೆರೆ ಕಟ್ಟಿಸಿ, ದುರಸ್ತಿ ಮಾಡಿಸಿ ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅದು. ತೂಬು ತೆಗೆದು ಮುಚ್ಚಲು ಅನೇಕ ಊರುಗಳಲ್ಲಿ ನೀರಗಂಟಿ ಇದ್ದ, ಅವನಿಗೆ ಬೆಳೆಯಲ್ಲಿ ಪಾಲಿತ್ತು. ಅಂದರೆ ಕೆರೆಯ ಜೊತೆಗೇ ಅದನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನೂ ಕಟ್ಟುತ್ತಿದ್ದರು. ನಾವು ಉತ್ಸಾಹವನ್ನಷ್ಟೇ ನಂಬಿ ಹೊರಡುತ್ತೇವೆ. ತಂಡಗಳು ಒಡೆಯುವುದು ಅಲ್ಲಿಯೇ.

ಕಷ್ಟಗಳು ಒಂದೆರಡಲ್ಲ. ಮೊದಲನೆಯದು ಕಾಲ. ಮಳೆಗಾಲದಲ್ಲಿ ಕೆರೆಗೆ ಇಳಿಯುವಂತಿಲ್ಲ, ನಾಟಿಯ ಹೊತ್ತಿನಲ್ಲಿ ರೈತರ ಮನೆಯ ಹುಡುಗರು ಬರುವಂತಿಲ್ಲ. ಕೆಲಸವೇನಿದ್ದರೂ ಬೇಸಿಗೆಯಲ್ಲಿ. ಆದರೆ ಮಂಗನ ಕಾಯಿಲೆ ಹರಡುವುದೂ ಅದೇ ತಿಂಗಳುಗಳಲ್ಲಿ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದ ಕ್ಯಾಸನೂರು ಇರುವುದು ಸೊರಬ ತಾಲ್ಲೂಕಿನಲ್ಲೇ. ಕಾಡಂಚಿನ ಕೆರೆಗೆ ಹೊರಟರೆ ಉಣುಗು ಕಚ್ಚದಂತೆ ಮೈತುಂಬ ಬಟ್ಟೆ, ಹಚ್ಚಿಕೊಳ್ಳಲು ಡೆಪಾ ಎಣ್ಣೆ ಬೇಕು. ಮಂಗ ಸತ್ತುಬಿದ್ದ ಸುದ್ದಿ ಬಂದರೆ ಅತ್ತ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಸೇವೆ ಮಾಡಲು ಬಂದವನನ್ನು ಸುರಕ್ಷಿತವಾಗಿ ಮನೆಗೆ ಕಳಿಸುವ ಜವಾಬ್ದಾರಿಯೂ ತಂಡದ್ದೇ.

ಎರಡನೆಯದು ಅನುಮತಿ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಇದು ತಿಳಿಯದೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಸುಸ್ತಾದ ತಂಡಗಳಿವೆ. ಕಸ ಎತ್ತುವುದನ್ನು ಯಾರೂ ಕೇಳುವುದಿಲ್ಲ. ಹೂಳಿಗೆ ಕೈ ಹಾಕಿದರೆ ಮಾತ್ರ ಯಾರ ಹೊಲಕ್ಕೆ ಮಣ್ಣು, ಒತ್ತುವರಿ ಯಾರದು ಎಂಬ ಪ್ರಶ್ನೆಗಳು ಏಳುತ್ತವೆ. ಹಾಗಾಗಿ ಮೊದಲ ಗುದ್ದಲಿ ಬೀಳುವ ಮುನ್ನ ಊರಿನವರನ್ನು ಕೂರಿಸಿ ಮಾತನಾಡುವುದು, ಪಂಚಾಯಿತಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.

ಮೂರನೆಯದು ಹಣ. ಗೆಳೆತನ ಕೆಡಲು ಐನೂರು ರೂಪಾಯಿಯ ಲೆಕ್ಕ ಸಾಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ವಯಸ್ಕರಾದ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆದರೆ ಆಮೇಲೆ ಪ್ರತಿ ವರ್ಷ ಸಭೆ ನಡೆಸಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಅಷ್ಟು ತಾಳ್ಮೆ ಇಲ್ಲದ ಸಣ್ಣ ತಂಡಕ್ಕೆ ದೇಣಿಗೆಯ ಗೋಜೇ ಬೇಡ. ನಾವು ಹಣ ಎತ್ತುವುದಿಲ್ಲ. ಹಾರೆ, ಬುಟ್ಟಿ ಊರಿನವರೇ ಕೊಡುತ್ತಾರೆ. ಚಹಾದ ಖರ್ಚನ್ನು ಅಂದೇ ಹಂಚಿಕೊಂಡು ಗುಂಪಿನಲ್ಲಿ ಬರೆದು ಹಾಕುತ್ತೇವೆ.

ಇನ್ನು ‘ಸರ್ಟಿಫಿಕೇಟ್ ಸ್ವಯಂಸೇವಕರು’. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕು ವರ್ಷಗಳಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆಯಿದೆ. ಫೋಟೊ ತೆಗೆಸಿಕೊಂಡು ಹೊರಡುವವರನ್ನು ನೋಡಿ ನಗುವುದು ಸುಲಭ. ನನಗೆ ಅವರ ಮೇಲೆ ಸಿಟ್ಟಿಲ್ಲ. ಬಂದ ಕಾರಣ ಏನೇ ಇರಲಿ, ಬಂದವನಿಗೆ ನಿರ್ದಿಷ್ಟ ಕೆಲಸ ಸಿಗದಿದ್ದರೆ ಅವನು ಫೋಟೊ ತೆಗೆಯದೆ ಇನ್ನೇನು ಮಾಡಿಯಾನು? ‘ಎಲ್ಲರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ‘ಈ ವಾರ ಕತ್ತಿ, ಬುಟ್ಟಿ ತರುವುದು ನಿನ್ನದು’ ಎಂದರೆ ಆ ಹುಡುಗ ಬಂದೇ ಬರುತ್ತಾನೆ. ಪಾಯಿಂಟ್ ಸಿಕ್ಕ ಮೇಲೂ ಬರುತ್ತಿರುವ ಇಬ್ಬರು ನಮ್ಮಲ್ಲಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ಊರು ಬಿಡುವುದು. ಓದು ಮುಗಿದರೆ ಬೆಂಗಳೂರಿನ ಬಸ್ಸು. ಅದು ತಪ್ಪಲ್ಲ, ಮನೆಯಲ್ಲಿ ಕಾಯುವವರಿದ್ದಾರೆ. ಆದರೆ ತಂಡ ಕಟ್ಟಿದವನ ಜೊತೆಗೇ ತಂಡವೂ ಬಸ್ಸು ಹತ್ತಬಾರದು. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ 2005ರಲ್ಲಿ ತೀರಿಕೊಂಡ ಮೇಲೂ ನಡೆಯುತ್ತಿದೆ. ಅಷ್ಟು ದೊಡ್ಡದು ನಮ್ಮಿಂದಾಗದು. ಆದರೆ ಒಬ್ಬರ ನಂತರ ಇನ್ನೊಬ್ಬರು ಎಂಬ ಪಾಠವನ್ನಂತೂ ಕಲಿಯಬಹುದು.

ಅದಕ್ಕಾಗಿ ನಾವು ಮೂರು ನಿಯಮ ಇಟ್ಟುಕೊಂಡಿದ್ದೇವೆ. ವಾರವಾರ ಅಲ್ಲ, ತಿಂಗಳಿಗೆ ಒಂದೇ ಭಾನುವಾರ, ಎರಡೇ ಗಂಟೆ. ಆ ತಿಂಗಳ ಮುಖಂಡ ಬೇರೆ, ಮುಂದಿನ ತಿಂಗಳಿನವನು ಬೇರೆ. ಯಾವ ಕೆರೆ, ಯಾರ ಬಳಿ ಮಾತನಾಡಬೇಕು, ಏನು ಉಳಿದಿದೆ ಎಂಬುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ.

ಆ ನೋಟ್‌ಬುಕ್ ಈಗ ನನ್ನ ಬಳಿ ಇಲ್ಲ. ದ್ವಿತೀಯ ಪಿಯು ಓದುತ್ತಿರುವ ಹುಡುಗಿಯೊಬ್ಬಳು ಇಟ್ಟುಕೊಂಡಿದ್ದಾಳೆ. ಕಳೆದ ತಿಂಗಳು ಅವಳೇ ಫೋನ್ ಮಾಡಿ, ‘ಅಣ್ಣಾ, ಈ ಸಲ ನೀವು ಬರ್ತೀರೋ ಇಲ್ವೋ ಮೊದ್ಲೇ ಹೇಳ್ಬಿಡಿ, ಲೆಕ್ಕಕ್ಕೆ ಬೇಕು’ ಎಂದಳು. ಹೀಗೆ ಕೇಳುವವರು ಊರಿಗೊಬ್ಬರು ಸಿಕ್ಕರೂ ಸಾಕು.