ಆಟದ ರೈಲಿನ ದೀಪಗಳು: ಬಿಡಿಭಾಗಗಳನ್ನು ಆರಿಸಿ ಕೊಳ್ಳುವ ಬಗೆ

ಕುರ್ಚಿಗಳನ್ನು ಸಾಲಾಗಿ ಜೋಡಿಸಿ, ಬಾಯಿಯಿಂದಲೇ ಕೂಗು ಹಾಕಿ ಹೊರಡಿಸುವ ರೈಲನ್ನು ಕಾಣದ ಮನೆ ನಮ್ಮಲ್ಲಿ ವಿರಳ. ಆ ರೈಲಿಗೆ ಹಳಿಯೂ ಬೇಡ, ಟಿಕೀಟೂ ಬೇಡ. ಆದರೆ ಮಕ್ಕಳು ಬೆಳೆದ ಹಾಗೆ ಆಟವೂ ಬೆಳೆಯುವುದು ಸಹಜವಷ್ಟೆ. ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆಗೆ ಮಾಡಿದ ಗಾಡಿಗಳು 16.5 ಮಿಲಿಮೀಟರು ಅಂತರದ ಹಳಿಗಳ ಮೇಲೆ ಓಡುವುದನ್ನು ಒಮ್ಮೆ ಕಂಡ ಮಗುವಿಗೆ ಕುರ್ಚಿಯ ರೈಲು ಸಾಲದು. ಗಾಡಿ ಬಂದ ಮೇಲೆ ನಿಲ್ದಾಣ ಬೇಕು. ನಿಲ್ದಾಣವಾದ ಮೇಲೆ ಗೇಟು ಬೇಕು. ಗೇಟಾದ ಮೇಲೆ ಅದಕ್ಕೆ ದೀಪಗಳು ಬೇಕು. ನಮ್ಮ ಮನೆಯ ಕಥೆಯೂ ಹೀಗೆಯೇ ದೀಪದವರೆಗೆ ಬಂದು ನಿಂತಿತು.

ನನ್ನ ಮಗಳಿಗೆ ಹದಿಮೂರು ವರ್ಷ. ಅವಳ ತಾತ, ಎಂದರೆ ನಮ್ಮ ತಂದೆಯವರು, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು; ಈಗ ಕಣ್ಣು ಮಂಜಾಗಿದೆ, ದೂರ ಪ್ರಯಾಣ ಮಾಡಲಾರರು. ಅವರ ಹುಟ್ಟುಹಬ್ಬದ ದಿನ ಮೇಜಿನ ಮೇಲಿನ ಗೇಟಿನಲ್ಲಿ ಎರಡು ಕೆಂಪು ದೀಪಗಳು ಒಂದಾದ ಮೇಲೊಂದು ಮಿನುಗಬೇಕೆಂದು ಹುಡುಗಿ ಹಟ ತೊಟ್ಟಳು. ಸಿದ್ಧವಾದ ಬೋರ್ಡನ್ನು ಕೊಳ್ಳಬಹುದಾಗಿತ್ತು. ಆದರೆ ತಾನೇ ಮಾಡಬೇಕೆಂಬುದು ಅವಳ ಛಲ. ಬಿಡಿಭಾಗಗಳನ್ನು ಅಂಚೆಯ ಮೂಲಕ ತರಿಸಿದೆವು. ಎರಡು ಸಂಜೆ ಕುಳಿತು, ಕೈ ಸುಟ್ಟುಕೊಂಡರೂ ಲೆಕ್ಕಿಸದೆ ಬೆಸೆದಳು. ಸ್ವಿಚ್ಚು ಹಾಕಿದಾಗ ದೀಪಗಳೆರಡೂ ಒಟ್ಟಿಗೆ ಹತ್ತಿದುವು, ಮಿನುಗಲಿಲ್ಲ. ನಕ್ಷೆಯನ್ನು ಮೂರು ಸಲ ಹೋಲಿಸಿ ನೋಡಿ, ಕಡೆಗೆ "ನನಗೆ ಇದೆಲ್ಲ ಬರುವುದಿಲ್ಲ" ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದಳು.

ಕೆಲವು ರೂಪಾಯಿಗಳ ಸಾಮಾನು ಕೆಟ್ಟರೆ ಮತ್ತೆ ತರಬಹುದು. ಆದರೆ "ನನಗೆ ಬರುವುದಿಲ್ಲ" ಎಂಬ ಮಾತು ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಅದನ್ನು ಕೀಳುವುದು ಸುಲಭವಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಅದೇ ಕಾರಣ.

ಮೊದಲು ಈ ಬೋರ್ಡಿನ ಸ್ವರೂಪವನ್ನು ತಿಳಿಯೋಣ. ಇದರ ಜೀವಾಳ 555 ಎಂಬ ಎಂಟು ಕಾಲಿನ ಸಣ್ಣ ಐಸಿ. ಹಾನ್ಸ್ ಕಾಮೆನ್‌ಜಿಂಡ್ ಎಂಬವರು ಸಿಗ್ನೆಟಿಕ್ಸ್ ಕಂಪನಿಗಾಗಿ 1971ರಲ್ಲಿ ಇದನ್ನು ರೂಪಿಸಿದರು. 1972ರಲ್ಲಿ ಇದು ಮಾರುಕಟ್ಟೆಗೆ ಬಂದಿತು. ಅರ್ಧ ಶತಮಾನ ಕಳೆದರೂ ಇಂದಿಗೂ ಎಲ್ಲೆಡೆ ದೊರೆಯುತ್ತದೆ. ಇದರ ಕೆಲಸ ನಲ್ಲಿಯ ಕೆಳಗಿಟ್ಟ ಕೊಡವನ್ನು ಕಾಯುವವರ ಕೆಲಸದಂತೆ. ಕೆಪಾಸಿಟರು ಕೊಡ, ರೆಸಿಸ್ಟರು ನೀರನ್ನು ಸಣ್ಣಗೆ ಬಿಡುವ ನಲ್ಲಿ. ಕೊಡದಲ್ಲಿ ವೋಲ್ಟೇಜು ಮೂರರಲ್ಲಿ ಎರಡು ಪಾಲಿಗೆ ಏರಿದೊಡನೆ ಐಸಿಯು ಅದನ್ನು ಬರಿದುಮಾಡತೊಡಗುವುದು. ಮೂರರಲ್ಲಿ ಒಂದು ಪಾಲಿಗೆ ಇಳಿದೊಡನೆ ಮತ್ತೆ ತುಂಬಗೊಡುವುದು. ತುಂಬುವಾಗ ಒಂದು ದೀಪ, ಬರಿದಾಗುವಾಗ ಇನ್ನೊಂದು ದೀಪ ಹತ್ತುವುದು.

ಬೇಕಾದ ಸಾಮಾನು ಬಹಳವಿಲ್ಲ. 555 ಐಸಿ ಒಂದು, ಅದನ್ನು ಕೂರಿಸಲು ಎಂಟು ಕಾಲಿನ ಸಾಕೆಟ್ಟು. 1 ಕಿಲೋ ಓಮಿನ ರೆಸಿಸ್ಟರು ಮೂರು, 68 ಕಿಲೋ ಓಮಿನದು ಒಂದು, ಎಲ್ಲವೂ ಕಾಲು ವಾಟಿನವು. 10 ಮೈಕ್ರೋಫ್ಯಾರಡ್, 25 ವೋಲ್ಟಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಒಂದು. 103 ಮತ್ತು 104 ಎಂದು ಬರೆದಿರುವ ಸಿರಾಮಿಕ್ ಕೆಪಾಸಿಟರು ಒಂದೊಂದು. 3 ಮಿಲಿಮೀಟರಿನ ಕೆಂಪು ಎಲ್.ಇ.ಡಿ. ಎರಡು; ತೂತುಗಳಿರುವ ಬೋರ್ಡಿನ ಒಂದು ತುಂಡು; 12 ವೋಲ್ಟಿನ ಡಿ.ಸಿ. ಅಡಾಪ್ಟರು ಒಂದು.

ಜೋಡಣೆ ಹೀಗೆ: ಐಸಿಯ 8 ಮತ್ತು 4ನೆಯ ಕಾಲುಗಳು ಧನಕ್ಕೆ, 1ನೆಯದು ಋಣಕ್ಕೆ. 8 ಮತ್ತು 7ರ ನಡುವೆ 1 ಕಿಲೋ ಓಮು. 7 ಮತ್ತು 6ರ ನಡುವೆ 68 ಕಿಲೋ ಓಮು. 6 ಮತ್ತು 2 ಒಂದಕ್ಕೊಂದು ಸೇರಿ, ಅಲ್ಲಿಂದ 10 ಮೈಕ್ರೋಫ್ಯಾರಡಿನ ಕೆಪಾಸಿಟರು ಋಣಕ್ಕೆ. 5ನೆಯ ಕಾಲಿನಿಂದ ಋಣಕ್ಕೆ 103. 8 ಮತ್ತು 1ರ ನಡುವೆ 104. 3ನೆಯ ಕಾಲಿನಿಂದ ಒಂದು ದೀಪ ತನ್ನ 1 ಕಿಲೋ ಓಮಿನೊಡನೆ ಋಣಕ್ಕೆ ಹೋಗಬೇಕು. ಇನ್ನೊಂದು ದೀಪ ತನ್ನ 1 ಕಿಲೋ ಓಮಿನೊಡನೆ ಧನದಿಂದ 3ನೆಯ ಕಾಲಿಗೆ ಬರಬೇಕು. ಎಲ್.ಇ.ಡಿ.ಯ ಉದ್ದನೆಯ ಕಾಲು ಧನದ ಕಡೆಗೆ. ಇಷ್ಟಾದರೆ ದೀಪಗಳು ಸುಮಾರು ಅರ್ಧ ಸೆಕೆಂಡಿಗೊಮ್ಮೆ ಸರದಿ ಬದಲಿಸುವುವು.

ಹಾಗಾದರೆ ನಮ್ಮ ಮನೆಯಲ್ಲಿ ತಪ್ಪಿದುದೆಲ್ಲಿ? ಅದನ್ನು ಹುಡುಕಿಸಿದವರು ನಮ್ಮ ತಂದೆಯವರೇ. ಬೋರ್ಡು ಅಟ್ಟ ಸೇರಿದ ಸುದ್ದಿ ತಿಳಿದು ಮೊಮ್ಮಗಳನ್ನು ಕರೆದರು. "ಹೋಮ್ ಸಿಗ್ನಲ್ಲಿನ ದೀಪ ಆರಿಹೋಗಿದ್ದರೆ ಡ್ರೈವರು ಏನು ಮಾಡಬೇಕು, ಗೊತ್ತೇನು ಮಗು?" ಎಂದು ಕೇಳಿದರು. "ನಿಲ್ಲಬೇಕು ತಾತ" ಎಂದಳು. "ಸರಿ. ನಿಂತ ಮೇಲೆ ಕಾರಣ ಹುಡುಕುವುದೂ ಉಂಟು. ಗಾಡಿಯನ್ನು ಬಿಟ್ಟು ಮನೆಗೆ ಹೋಗುವವರು ಯಾರೂ ಇಲ್ಲ" ಎಂದರು.

ಪೆಟ್ಟಿಗೆ ಕೆಳಗಿಳಿಯಿತು. ನೆರೆಮನೆಯವರಿಂದ ಮಲ್ಟಿಮೀಟರನ್ನು ಕಡ ತಂದೆವು. 68 ಕಿಲೋ ಓಮೆಂದು ಚೀಟಿ ಅಂಟಿಸಿದ್ದ ಪೊಟ್ಟಣದಲ್ಲಿ ಹತ್ತು ರೆಸಿಸ್ಟರುಗಳು ಬಂದಿದ್ದುವು. ಉಳಿದಿದ್ದ ಒಂಬತ್ತನ್ನೂ ಅಳೆದಳು. ಒಂದೊಂದೂ 680 ಓಮು! ನೀಲಿ, ಬೂದು, ಕಿತ್ತಳೆ ಪಟ್ಟೆಗಳಿದ್ದರೆ 68 ಕಿಲೋ ಓಮು. ನೀಲಿ, ಬೂದು, ಕಂದು ಇದ್ದರೆ 680. ಸಂಜೆಯ ಬೆಳಕಿನಲ್ಲಿ ಕಿತ್ತಳೆಗೂ ಕಂದಿಗೂ ಭೇದ ತಿಳಿಯುವುದು ಕಷ್ಟ. ನಲ್ಲಿ ನೂರು ಪಾಲು ದೊಡ್ಡದಾದುದರಿಂದ ಕೊಡ ಸೆಕೆಂಡಿಗೆ ಸುಮಾರು 61 ಸಲ ತುಂಬಿ ಬರಿದಾಗುತ್ತಿತ್ತು; ಅಷ್ಟು ವೇಗದ ಮಿನುಗು ಕಣ್ಣಿಗೆ ನಿಂತ ಬೆಳಕಾಗಿಯೇ ತೋರುವುದು. ಹುಡುಗಿ ಮಾಡಿದ ಬೋರ್ಡು ಮೊದಲ ದಿನವೇ ಸರಿಯಾಗಿ ಕೆಲಸ ಮಾಡುತ್ತಿತ್ತು! ತಪ್ಪು ಪೊಟ್ಟಣದ್ದು.

ಆದುದರಿಂದ ಕೊಳ್ಳುವವರು ಕೆಲವು ವಿಷಯಗಳನ್ನು ನೆನಪಿನಲ್ಲಿಡುವುದು ಮೇಲು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯವರಿಗೆ ರಿಚಿ ಬೀದಿ ಇಂಥ ಸಾಮಾನಿಗೆ ಹೆಸರಾದ ಸ್ಥಳಗಳು. ಹೋಗುವಾಗ ಹೆಸರು, ಅಳತೆ, ವೋಲ್ಟು, ಸಂಖ್ಯೆ ಇವುಗಳನ್ನು ಬರೆದ ಚೀಟಿ ಕೈಯಲ್ಲಿರಲಿ. ಬಾಯಿಮಾತಿನಲ್ಲಿ "ಅರವತ್ತೆಂಟು" ಎಂದರೆ ಓಮೋ ಕಿಲೋ ಓಮೋ ಎಂದು ಅಂಗಡಿಯವರಿಗೆ ತಿಳಿಯುವುದೆಂತು? ಐಸಿ ಮತ್ತು ದೀಪಗಳನ್ನು ಒಂದೊಂದು ಹೆಚ್ಚಾಗಿಯೇ ತನ್ನಿರಿ. ಮೊದಲ ಕೈಯಲ್ಲಿ ಒಂದಾದರೂ ಸುಡುವುದುಂಟು. ಕೆಪಾಸಿಟರಿನ ವೋಲ್ಟು ನಾವು ಕೊಡುವ ವೋಲ್ಟಿಗಿಂತ ಧಾರಾಳವಾಗಿ ಮೇಲಿರಲಿ. ಅದರ ಮೈಮೇಲಿನ ಪಟ್ಟೆ ಋಣದ ಕಾಲಿನ ಗುರುತು. ಐಸಿಯ ಮೇಲಿನ ಬರಹ ಉಜ್ಜಿ ಮತ್ತೆ ಅಚ್ಚುಹಾಕಿದಂತೆ ಕಂಡರೆ, ಅಗ್ಗವೆಂದು ಮರುಳಾಗಬೇಡಿರಿ. ಮನೆಗೆ ಬಂದೊಡನೆ ರೆಸಿಸ್ಟರುಗಳನ್ನೆಲ್ಲ ಮೀಟರಿನಿಂದ ಅಳೆದು, ಬೇರೆ ಬೇರೆ ಪೊಟ್ಟಣಗಳಲ್ಲಿಟ್ಟು, ಹೆಸರು ಬರೆಯಿರಿ. ಅಕ್ಕಿಯನ್ನು ಆರಿಸದೆ ಒಲೆಗೆ ಹಾಕುವ ಗೃಹಿಣಿ ಉಂಟೆ?

ಸಾಮಾನಿಗಾಗಿ ದುಡ್ಡನ್ನೇ ಸುರಿಯಬೇಕೆಂದೂ ಇಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಸಂಘದ ವಿದ್ಯಾರ್ಥಿಗಳು, ಟೆಲಿಫೋನು ವ್ಯವಸ್ಥೆಯಿಂದ ದಾನವಾಗಿ ಬಂದ ರಿಲೇಗಳಿಂದಲೇ ತಮ್ಮ ರೈಲುಗಳ ನಿಯಂತ್ರಣವನ್ನು ಕಟ್ಟಿದರು. ಅವರಲ್ಲಿ ಹಲವರು ಮುಂದೆ ಕಂಪ್ಯೂಟರುಗಳ ಕೆಲಸದಲ್ಲಿ ಹೆಸರಾದರು. ನಮ್ಮ ಮನೆಗಳಲ್ಲಿಯೂ ಕೆಟ್ಟ ರೇಡಿಯೋ, ಹಳೆಯ ಆಟಿಕೆಗಳಿಂದ ಸ್ವಿಚ್ಚು, ತಂತಿ, ದೀಪಗಳನ್ನು ಬಿಚ್ಚಿಕೊಳ್ಳಬಹುದು. ಆದರೆ ಗೋಡೆಯ ವಿದ್ಯುತ್ತಿಗೆ ನೇರವಾಗಿ ತಗುಲುವ ಉಪಕರಣವನ್ನು ಮಕ್ಕಳ ಕೈಗೆ ಕೊಡಬಾರದು.

ಇನ್ನೆರಡು ಎಚ್ಚರಿಕೆ. ಹಳಿಯ ವಿದ್ಯುತ್ತನ್ನು ಈ ಬೋರ್ಡಿಗೆ ಕೊಡದಿರಿ. ಗಾಡಿಯ ವೇಗದೊಡನೆ ಅದು ಏರಿಳಿಯುವುದು. ಬೇರೆ ಅಡಾಪ್ಟರನ್ನೇ ಬಳಸಿರಿ. ಬೆಸೆಯುವಾಗ ಕಿಟಕಿ ತೆರೆದಿರಲಿ. ಬೆಸುಗೆಯಲ್ಲಿ ಸೀಸವಿರಬಹುದಾದುದರಿಂದ ಕೆಲಸ ಮುಗಿದೊಡನೆ ಕೈತೊಳೆಯಲೇಬೇಕು.

ಹುಟ್ಟುಹಬ್ಬದ ಸಂಜೆ ಕೋಣೆಯ ದೀಪವನ್ನು ಆರಿಸಿದೆವು. ಮೇಜಿನ ಮೇಲೆ ಎಡದ ಕೆಂಪು, ಬಲದ ಕೆಂಪು, ಮತ್ತೆ ಎಡದ ಕೆಂಪು ಮಿನುಗಿದುವು. ತಂದೆಯವರು ಮುಖವನ್ನು ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿ, "ಗೇಟು ಹಾಕಿದೆ, ಇನ್ನು ಗಾಡಿ ಬಿಡಬಹುದು" ಎಂದರು. ಹುಡುಗಿ ಗಾಡಿ ಬಿಟ್ಟಳು. ಉಳಿದ ಒಂಬತ್ತು ರೆಸಿಸ್ಟರುಗಳ ಪೊಟ್ಟಣ ಈಗಲೂ ನಮ್ಮಲ್ಲಿದೆ. ಅದರ ಮೇಲಿನ ಚೀಟಿಯನ್ನು ಹೊಡೆದುಹಾಕಿ, ತನ್ನ ಕೈಯಿಂದಲೇ "680 ಓಮು, ಅಳೆದು ನೋಡಿದೆ" ಎಂದು ಬರೆದಿದ್ದಾಳೆ.