ಹೃದಯ ಸೋತಾಗ: ಆಸ್ಪತ್ರೆಯಲ್ಲೂ ಮನೆಯಲ್ಲೂ



ಕಳೆದ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆಗೆಂದು ನಾವು ಚಿಂಚಲಿಯ ನಮ್ಮ ಅಕ್ಕನ ಮನೆಗೆ ಹೋಗಿದ್ದೆವು. ನಡುರಾತ್ರಿ ಭಾವನವರು ಉಸಿರಿಗೆ ಒದ್ದಾಡುತ್ತ ಎದ್ದು ಕುಳಿತರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ವಾರದಿಂದ ಕಾಲು ಬಾತಿದ್ದರೂ ಓಡಾಟದ ದಣಿವೆಂದು ಮನೆಯವರು ಸುಮ್ಮನಿದ್ದರು. ಆಸ್ಪತ್ರೆಗೆ ಒಯ್ದಾಗ ವೈದ್ಯರು ಹೇಳಿದ್ದು, ತೀವ್ರ ಹೃದಯ ವೈಫಲ್ಯ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಯಿತೆಂದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಅದಕ್ಕೆ ಶಕ್ತಿ ಸಾಲದೆಂದು ಅರ್ಥ. ಬಸಿಗಾಲುವೆ ಕಟ್ಟಿದ ತೋಟದಲ್ಲಿ ಅಡಿಕೆ ಬುಡಕ್ಕೆ ನೀರು ನಿಲ್ಲುವಂತೆ, ಶ್ವಾಸಕೋಶದಲ್ಲೂ ಕಾಲುಗಳಲ್ಲೂ ನೀರು ಸೇರುತ್ತದೆ.

2019–20ರಲ್ಲಿ ನಮ್ಮ ದೇಶದ 53 ಆಸ್ಪತ್ರೆಗಳಲ್ಲಿ ಈ ಕಾಯಿಲೆಯಿಂದ ದಾಖಲಾದ 10,851 ರೋಗಿಗಳ ವಿವರಗಳನ್ನು ಸಂಗ್ರಹಿಸಲಾಯಿತು. ಅವರ ಸರಾಸರಿ ವಯಸ್ಸು ಸುಮಾರು 60. ಪಾಶ್ಚಾತ್ಯ ದೇಶಗಳಲ್ಲಿ ಇದು 70ಕ್ಕೂ ಮೇಲು. ನೂರಕ್ಕೆ 72 ಮಂದಿಯಲ್ಲಿ ಹೃದಯದ ರಕ್ತನಾಳಗಳ ಅಡಚಣೆಯೇ ಮೂಲ ಕಾರಣ. 90 ದಿನಗಳೊಳಗೆ ನೂರಕ್ಕೆ 14 ಮಂದಿ ತೀರಿಕೊಂಡರು.

ಆಸ್ಪತ್ರೆಯಲ್ಲಿ ಮೊದಲು ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಅದನ್ನು ಕೊಡುತ್ತಾರೆ. ಫ್ಯೂರೋಸಮೈಡ್ ಚುಚ್ಚುಮದ್ದಿನಿಂದ ಹೆಚ್ಚಿನ ನೀರು ಮೂತ್ರದಲ್ಲಿ ಹೊರಹೋಗುತ್ತದೆ. ರಕ್ತದೊತ್ತಡ ಏರಿದ್ದರೆ ರಕ್ತನಾಳ ಸಡಿಲಿಸುವ ಔಷಧಿಯೂ ಉಂಟು. ಇ.ಸಿ.ಜಿ., ಎಕೋ ಹಾಗೂ ರಕ್ತಪರೀಕ್ಷೆಗಳಿಂದ ಕಾರಣವನ್ನು ಹುಡುಕುತ್ತಾರೆ. ಕೆಲವು ದಿನಗಳಲ್ಲಿ ಉಸಿರು ಹಗುರಾಗುತ್ತದೆ.

ಮೋಸ ಹೋಗುವುದು ಇಲ್ಲಿಯೇ. ಉಸಿರು ಸರಿಹೋಯಿತೆಂದರೆ ಹೃದಯ ಬಲಗೊಂಡಿತೆಂದಲ್ಲ. ನಮ್ಮ ಭಾವನವರು ಹಿಂದೆ ಹೃದಯಾಘಾತವಾದಾಗ ಬರೆದುಕೊಟ್ಟ ಮಾತ್ರೆಗಳನ್ನು "ಈಗ ಆರಾಮ ಅದೀನಿ" ಎಂದು ತಾವೇ ನಿಲ್ಲಿಸಿದ್ದರು. ಹೃದಯದ ಶಕ್ತಿ ಕುಗ್ಗಿದವರಿಗೆ ಸಾಮಾನ್ಯವಾಗಿ ನಾಲ್ಕು ಬಗೆಯ ಮಾತ್ರೆಗಳನ್ನು ಕೊಡುತ್ತಾರೆ. ಆಯುಷ್ಯ ಹೆಚ್ಚಿಸುವುದು ಅವುಗಳ ನಿತ್ಯಸೇವನೆ. ವೈದ್ಯರನ್ನು ಕೇಳದೆ ಒಂದನ್ನೂ ಬಿಡತಕ್ಕದ್ದಲ್ಲ.

ಮನೆಯಲ್ಲಿ ಪಾಲಿಸಬೇಕಾದವು:

1. ಪ್ರತಿದಿನ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ವೈದ್ಯರಿಗೆ ತಿಳಿಸಿ.

2. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರವಿಡಿ.

3. ಕೊಯ್ಲಿನ ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆಗಳನ್ನು ನುಂಗಬೇಡಿ. ಹಲವು ಮಾತ್ರೆಗಳು ದೇಹದಲ್ಲಿ ನೀರು ನಿಲ್ಲಿಸುತ್ತವೆ.

4. ಮಲಗಿದಾಗ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಹೃದಯಾಘಾತಕ್ಕೆ ಬೇಗ ಚಿಕಿತ್ಸೆಯಾದಷ್ಟೂ ಹೃದಯದ ಮಾಂಸ ಉಳಿಯುತ್ತದೆ.

ಭಾವನವರು ಈಗ ದಿನವೂ ತೂಕದ ಯಂತ್ರ ಹತ್ತುತ್ತಾರೆ. ಅಕ್ಕ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಒಮ್ಮೆ ತೂಕ ಏರಿದ್ದನ್ನು ಕಂಡು ಕೂಡಲೇ ವೈದ್ಯರಲ್ಲಿಗೆ ಹೋದುದರಿಂದ ಮತ್ತೆ ದಾಖಲಾಗುವುದು ತಪ್ಪಿತು. ಸಂಘಕ್ಕೆ ಅಡಿಕೆ ತಂದಾಗ ತಕ್ಕಡಿಯ ಮುಳ್ಳನ್ನು ಎವೆಯಿಕ್ಕದೆ ನೋಡುವವರು ನಾವು. ಮನೆಯ ಹಿರಿಯರ ತೂಕದ ಮೇಲೂ ಅಷ್ಟೇ ಕಣ್ಣಿಡೋಣ.