ಎಣ್ಣೆಯ ಕಂಬ, ನಾಲ್ಕನೇ ಆಯಾಮದ ವಡೆ

ಗಾಜಿನ ತೊಟ್ಟಿಯಲ್ಲಿ ಆಲ್ಕೊಹಾಲ್ ಬೆರೆಸಿದ ನೀರು. ಅದರ ನಟ್ಟನಡುವೆ ಆಲಿವ್ ಎಣ್ಣೆಯ ಒಂದು ಉಂಡೆ. ಮೇಲೇಳುವುದಿಲ್ಲ, ತಳಕ್ಕಿಳಿಯುವುದಿಲ್ಲ, ಎರಡರ ಸಾಂದ್ರತೆಯೂ ಒಂದಾಗುವಂತೆ ಹದ ನೋಡಿ ಬೆರೆಸಿದ್ದಾರೆ. ತೂಕದ ಕಾಟ ತಪ್ಪಿದ ಎಣ್ಣೆ ತಾನಾಗಿ ಗುಂಡಗಾಗಿದೆ. ಊರು ಬೆಲ್ಜಿಯಂನ ಗೆಂಟ್. ಪ್ರಯೋಗ ಜೋಸೆಫ್ ಪ್ಲಾಟೋ ಅವರದು. 1840ರ ದಶಕದಲ್ಲಿ ಅವರ ಕಣ್ಣು ಪೂರ್ತಿ ಹೋಯಿತು. ಆಮೇಲೆ ಕೈ ಆಡಿಸಿದವರು, ನೋಡಿ ಹೇಳಿದವರು ಮನೆಯವರು ಮತ್ತು ಸಹೋದ್ಯೋಗಿಗಳು.

ಈಗ ಒಂದರ ಮೇಲೊಂದು ಎರಡು ತಂತಿಬಳೆಗಳು. ಎಣ್ಣೆ ಎರಡಕ್ಕೂ ಅಂಟಿ, ನಡುವೆ ನೆಟ್ಟಗೆ ಕಂಬವಾಗಿ ನಿಲ್ಲುತ್ತದೆ. ಬಳೆಗಳನ್ನು ದೂರ ಸರಿಸುತ್ತ, ತಕ್ಕಷ್ಟು ಎಣ್ಣೆ ಸೇರಿಸುತ್ತ ಹೋಗಬೇಕು. ಉದ್ದ ವ್ಯಾಸದ ಮೂರು ಪಟ್ಟು ದಾಟಿ ಇನ್ನೊಂದು ಚೂರು ಹೋಯಿತೋ ಇಲ್ಲವೋ, ಒಂದು ಕಡೆ ಹೊಟ್ಟೆ ಬರುತ್ತದೆ, ಇನ್ನೊಂದು ಕಡೆ ಸೊಂಟ ಸಣ್ಣಗಾಗುತ್ತದೆ. ಸೊಂಟ ಎಳೆಯಾಗಿ ಕಡಿದು, ಎರಡು ಮುದ್ದೆಗಳ ನಡುವೆ ಪುಟ್ಟ ಹನಿಯೊಂದು ಉಳಿಯುತ್ತದೆ. ಕಂಬದ ಉದ್ದ ಅದರ ಸುತ್ತಳತೆಯನ್ನು ಮೀರಬಾರದು, ಅಷ್ಟೇ ಲೆಕ್ಕ. ಬಚ್ಚಲ ನಲ್ಲಿಯನ್ನು ಸಣ್ಣಗೆ ಬಿಟ್ಟಾಗ ಧಾರೆ ಹನಿ ಹನಿಯಾಗುವುದೂ ಇದರಿಂದಲೇ.

ಗೋಳಕ್ಕೂ ಕಂಬಕ್ಕೂ ಒಂದು ಗುಣ ಸಮಾನ: ಮೈಮೇಲೆ ಎಲ್ಲಿ ಅಳೆದರೂ ಸರಾಸರಿ ವಕ್ರತೆ, ಅಂದರೆ ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕುಗಳ ಬಾಗಿನ ಸರಾಸರಿ, ಅಷ್ಟೇ. ಹಾಗಂತ ಎರಡೂ ಒಂದೇ ರೀತಿ ಬಾಳುವುದಿಲ್ಲ. ಒಳಗಿನ ಗಾತ್ರ ಹಾಗೇ ಉಳಿಸಿ ಹೇಗೆ ತುಸು ಅಲುಗಿಸಿದರೂ ಮೇಲ್ಮೈಯ ವಿಸ್ತೀರ್ಣ ಇಳಿಯದಿದ್ದರೆ ಅದು ಸ್ಥಿರ. ಗೋಳ ಪಾಸು, ಉದ್ದನೆಯ ಕಂಬ ಫೇಲು.

ಇದೇ ಪರೀಕ್ಷೆಯನ್ನು ಗಣಿತಜ್ಞರು ನಾಲ್ಕು ಆಯಾಮದ ಜಾಗದಲ್ಲಿರುವ ಗೋಳದೊಳಗಿನ ಮೇಲ್ಮೈಗಳಿಗೂ ಇಟ್ಟರು. ನಾಲ್ಕು ಸಂಖ್ಯೆಗಳ ವರ್ಗಗಳ ಮೊತ್ತ ಒಂದಾಗುವ ಬಿಂದುಗಳೇ ಆ ಗೋಳ. ಮೊದಲೆರಡಕ್ಕೆ ಅರ್ಧ, ಉಳಿದೆರಡಕ್ಕೆ ಅರ್ಧ ಪಾಲು ಹಂಚಿದರೆ ಸಿಗುವುದು ಕ್ಲಿಫರ್ಡ್ ಟೋರಸ್, ಉದ್ದಿನವಡೆಯಂಥ ಆಕಾರ. ಒಂದು ದಿಕ್ಕಿನ ಬಾಗನ್ನು ಇನ್ನೊಂದು ದಿಕ್ಕಿನ ಬಾಗು ಸರಿಯಾಗಿ ಚುಕ್ತಾ ಮಾಡಿ ಸರಾಸರಿ ಸೊನ್ನೆಯಾಗುತ್ತದೆ. ಪಾಲು ಕಾಲು-ಮುಕ್ಕಾಲು ಮಾಡಿದರೆ ಸೊನ್ನೆ ಹೋಗಿ ಬೇರೊಂದು ಸಂಖ್ಯೆ ಬರುತ್ತದೆ, ಆದರೆ ಎಲ್ಲೆಡೆ ಅದೇ ಸಂಖ್ಯೆ. ಜ್ಯಾಮಿತಿಯಲ್ಲಿ ಇದಕ್ಕಿಂತ ಚೆಂದದ ಆಕಾರವನ್ನು ನಾನಂತೂ ಕಂಡಿಲ್ಲ. ಚೆಂದ ಮಾತ್ರ ಪರೀಕ್ಷೆಯಲ್ಲಿ ಕೈಹಿಡಿಯಲಿಲ್ಲ. ಬ್ರೆಜಿಲ್‌ನ ಬಾರ್ಬೋಸಾ ಮತ್ತು ಡು ಕಾರ್ಮೊ, ಜರ್ಮನಿಯ ಎಶೆನ್‌ಬುರ್ಗ್ 1988ರಲ್ಲಿ ಫಲಿತಾಂಶ ಪ್ರಕಟಿಸಿದರು: ಆಯಾಮ ಎಷ್ಟೇ ಇರಲಿ, ಗೋಳದೊಳಗೆ ಸಮ ಸರಾಸರಿ ವಕ್ರತೆಯ, ಅಂಚಿಲ್ಲದ ಸ್ಥಿರ ಮೇಲ್ಮೈ ಎಂದರೆ ಚಿಕ್ಕ-ದೊಡ್ಡ ಗೋಳಗಳು ಮಾತ್ರ. ಪಾಲು ಹೇಗೇ ಹಂಚಿದರೂ ವಡೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.